ಕಿಟಕಿ ಹೊರಗಿನ ಕುತ್ತಿಗೆ

ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕಂಡಕ್ಟರ್ ಅಂದರೆ ಟಿಕೆಟ್ ಹರಿಯುವವನಲ್ಲ. ರೈಲಿನ ನಡುವೆ ಸಣ್ಣ ಕೋಣೆಯಲ್ಲಿ ನಿಂತು ಬಾಗಿಲು ತೆಗೆದು ಹಾಕುವವನು. ರೈಲು ಹೊರಟ ಮೇಲೂ ಕಿಟಕಿಯಿಂದ ತಲೆ ಹೊರಗಿಟ್ಟು, ಯಾರ ಚೀಲವಾಗಲಿ ಮಗುವಿನ ಕೈಯಾಗಲಿ ಸಿಕ್ಕಿಕೊಂಡಿಲ್ಲವಷ್ಟೆ ಅಂತ ನೋಡಲೇಬೇಕು. ನಮ್ಮ ಆದೋನಿ, ಗುಂತಕಲ್ಲು ಕಡೆ ಗಾರ್ಡು ಹಸಿರು ಬಾವುಟ ಹಿಡಿದು ಬಗ್ಗಿ ನೋಡುತ್ತಾರಲ್ಲ, ಹಾಗೇ. (2022ರಿಂದ ಗಾರ್ಡಿಗೆ ‘ಟ್ರೇನ್ ಮ್ಯಾನೇಜರ್’ ಅಂತ ಹೆಸರಿಟ್ಟಿದ್ದಾರೆ, ಕೆಲಸ ಅದೇ.)

2024ರ ಫೆಬ್ರವರಿ 29ರ ನಸುಕಿನಲ್ಲಿ, ಬ್ರೂಕ್ಲಿನ್‌ನ ರಾಕ್‌ವೇ ಅವೆನ್ಯೂ ನಿಲ್ದಾಣದಲ್ಲಿ, ಹೀಗೆ ತಲೆ ಹೊರಗಿಟ್ಟ ಕಂಡಕ್ಟರೊಬ್ಬರ ಕುತ್ತಿಗೆಯನ್ನು ಯಾರೋ ಕೊಯ್ದರು. 34 ಹೊಲಿಗೆ ಬಿದ್ದವು. ರೈಲು ನೌಕರರ ಮೇಲೆ ಕೈ ಮಾಡಿದರೆ ಏಳು ವರ್ಷದವರೆಗೆ ಜೈಲು ಅಂತ ಅಲ್ಲಿ ಬೋರ್ಡೇ ಹಾಕಿದ್ದಾರೆ. ಕತ್ತಿ ಹಿಡಿದವನು ಬೋರ್ಡು ಓದುತ್ತಾನೆಯೇ?

ಮಾರ್ಚ್ 6ರಂದು ಗವರ್ನರ್ ಕ್ಯಾಥಿ ಹೋಕಲ್ 750 ನ್ಯಾಷನಲ್ ಗಾರ್ಡ್ ಸೈನಿಕರನ್ನು ಇಳಿಸುವುದಾಗಿ ಹೇಳಿದರು. ಅವರ ಕೆಲಸ, ಒಳಬರುವವರ ಚೀಲ ತಪಾಸಣೆಗೆ ನೆರವಾಗುವುದು. ಪ್ರಯಾಣಿಕರಿಗೆ ಧೈರ್ಯ ಬಂದಿರಬಹುದು. ಆದರೆ ಕಂಡಕ್ಟರನ ಕಿಟಕಿ ಎಲ್ಲಿ ನಿಲ್ಲುತ್ತದೆ ಅಂತ ಪ್ಲಾಟ್‌ಫಾರಂನಲ್ಲಿ ಕಪ್ಪು-ಬಿಳಿ ಪಟ್ಟೆಯ ಹಲಗೆಯೇ ತೋರಿಸುತ್ತದೆ. ಬೇಲಿ ಹರಿದ ಕಡೆ ಮುಳ್ಳು ಹಾಕಬೇಕಪ್ಪಾ, ಹೊಲದ ಬಾಗಿಲಲ್ಲಿ ಜನ ನಿಲ್ಲಿಸಿದರೇನು ಬಂತು? ಆ ಹಲಗೆಯ ಕೆಳಗೆ ನಾಲ್ಕು ಮಾರು ಕಟಕಟೆ ಹಾಕಿ, ಒಬ್ಬ ಪೊಲೀಸನನ್ನು ನಿಲ್ಲಿಸುವುದು ಮೊದಲಾಗಬೇಕಿತ್ತು.

ಇನ್ನೊಂದು ದಾರಿ ಲಂಡನ್ನಿನದು. ಅಲ್ಲಿ ಚಾಲಕನೇ ಪರದೆಯಲ್ಲಿ ಪ್ಲಾಟ್‌ಫಾರಂ ನೋಡಿ ಬಾಗಿಲು ಹಾಕುತ್ತಾನೆ. ಕೊನೆಯ ಗಾರ್ಡು 2000ದಲ್ಲಿ ರೈಲಿನಿಂದ ಇಳಿದ. ನ್ಯೂಯಾರ್ಕಿನ ಕಾರ್ಮಿಕ ಸಂಘ ಇದಕ್ಕೆ ಸುತರಾಂ ಒಪ್ಪುವುದಿಲ್ಲ. ಕುತ್ತಿಗೆ ಉಳಿಸುವ ನೆಪದಲ್ಲಿ ಕೆಲಸವೇ ಹೋದೀತು ಎಂಬ ಭಯ ಅವರದು.