ಹಣ್ಣು ಕಪ್ಪಾಗಿದ್ದು ಗಿಡದಲ್ಲಲ್ಲ

ಹೋದ ಡಿಸೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಅರೇಹಳ್ಳಿಯಿಂದ ಚಿಕ್ಕಪ್ಪನ ಫೋನ್ ಬಂತು. ಅವರು ಸುಮ್ಮನೆ ಫೋನ್ ಮಾಡುವವರಲ್ಲ. ಕಾಫಿ ಕುಯ್ಲಿನ ಸಮಯದಲ್ಲಂತೂ ನಾವು ಮಾಡಿದರೂ ಎತ್ತುವುದಿಲ್ಲ.

"ಏನೋ, ವೆಬ್‌ಸೈಟ್‌ನಲ್ಲಿ ಏನು ಹಾಕಿದೀಯ ನೀನು? ಬೆಂಗಳೂರಿನವರು ನನ್ನ ಹಣ್ಣು ಕಪ್ಪಾಗಿದೆ ಅಂತಿದಾರೆ!"

ಕಾಫಿ ತೋಟದ ಪರಿಚಯ ಇಲ್ಲದವರಿಗೆ ಈ ಮಾತಿನ ತೂಕ ಗೊತ್ತಾಗಲಿಕ್ಕಿಲ್ಲ. ಅರೇಬಿಕಾ ಹಣ್ಣು ಚೆನ್ನಾಗಿ ಕೆಂಪಾದಾಗಲೇ ಕೀಳಬೇಕು. ಬಿಟ್ಟರೆ ಕಡು ಕೆಂಪಾಗಿ, ಕಪ್ಪಾಗಿ, ಗಿಡದಲ್ಲೇ ಒಣಗುತ್ತೆ. ಅಂಥ ಹಣ್ಣು ಸೇರಿದರೆ ಕಪ್‌ನಲ್ಲಿ ಹುಳಿ ವಾಸನೆ ಬಂದುಬಿಡುತ್ತೆ. ಎರಡು ವರ್ಷದಿಂದ ಚಿಕ್ಕಪ್ಪ ತೋಟದ ಒಂದು ಭಾಗದಲ್ಲಿ ಬರೀ ಕೆಂಪು ಹಣ್ಣನ್ನೇ ಆರಿಸಿ ಕೀಳಿಸ್ತಿದಾರೆ. ಒಂದೇ ಗಿಡಕ್ಕೆ ಮೂರು ಸಲ ಆಳು ಹೋಗಬೇಕು, ಕೂಲಿ ಜಾಸ್ತಿ, ಅದರ ಮೇಲೆ ಚಿಕ್ಕಮ್ಮನ ಬೈಗುಳ ಬೇರೆ. ಇಷ್ಟೆಲ್ಲ ಮಾಡುವುದು ನೇರವಾಗಿ ಕಾಫಿ ಹುರಿಯುವವರಿಗೆ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಗುತ್ತೆ ಅಂತ. ಅಂಥವರ ಹಣ್ಣು ನೋಡಿ "ಓವರ್‌ರೈಪ್ ಇದೆಯಾ?" ಅಂತ ಮೇಲ್ ಬಂದರೆ ಹೇಗಾಗಬೇಡ?

ಲ್ಯಾಪ್‌ಟಾಪ್ ತೆಗೆದು ಸೈಟ್ ನೋಡಿದೆ. ನಿಜ! ಬುಟ್ಟಿ ತುಂಬಾ ಹಣ್ಣು, ಎಲ್ಲ ಕಂದು ಮಿಶ್ರಿತ ಕೆಂಪು, ನಾಲ್ಕು ದಿನ ತಡವಾಗಿ ಕಿತ್ತ ಹಾಗೆ. ಹಿಂದಿದ್ದ ಎಲೆಗಳೂ ಬಿಳಿಚಿಕೊಂಡಿದ್ದವು.

"ನಿಮ್ಮ ಫೋನಲ್ಲಿ ಹೇಗೆ ಕಾಣ್ಸುತ್ತೆ ಚಿಕ್ಕಪ್ಪ?"

"ನನ್ನ ಫೋನಲ್ಲಿ ಚೆನ್ನಾಗೇ ಇದೆಯಲ್ಲೋ. ಅದಕ್ಕೇ ಅವರಿಗೆ ಕಣ್ಣು ಕಾಣಲ್ವಾ ಅಂತ ಕೇಳೋಣ ಅಂತಿದ್ದೆ."

ಕೇಳಲಿಲ್ಲ, ಪುಣ್ಯ.

ಫೋಟೋ ತೆಗೆದಿದ್ದು ಹಾಸನದ ಒಬ್ಬ ಹುಡುಗ, ಮದುವೆ ಫೋಟೋ ತೆಗೆಯುವವನು. ಅವನನ್ನು ಕೇಳಿ ಒರಿಜಿನಲ್ ಫೈಲ್ ತರಿಸಿ ತೆರೆದೆ. ಅದರಲ್ಲಿ ಹಣ್ಣು ಕೆಂಪಗೆ ಹೊಳೀತಿತ್ತು. ಅಂದರೆ ಹಣ್ಣು ಕಪ್ಪಾಗಿದ್ದು ಅವನ ಕ್ಯಾಮೆರಾಕ್ಕೂ ನನ್ನ ಸೈಟ್‌ಗೂ ಮಧ್ಯೆ ಎಲ್ಲೋ. ಆ ಮಧ್ಯೆ ಇದ್ದದ್ದು ಒಂದೇ, ನಾನು ಬರೆದ ಸ್ಕ್ರಿಪ್ಟ್.

ಇಲ್ಲಿ ಸ್ವಲ್ಪ ಥಿಯರಿ ಬೇಕು, ಕಷ್ಟವೇನಿಲ್ಲ. ಡಿಜಿಟಲ್ ಫೋಟೋದಲ್ಲಿ ಬಣ್ಣ ಅಂತ ಏನೂ ಇರೋದಿಲ್ಲ, ಇರೋದು ಸಂಖ್ಯೆ ಮಾತ್ರ. ಒಂದೊಂದು ಚುಕ್ಕೆಗೂ ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು ಅಂತ 0ಯಿಂದ 255ರ ಒಳಗೆ ಮೂರು ಸಂಖ್ಯೆ. ಆದರೆ "ಕೆಂಪು 219" ಅಂದರೆ ಯಾವ ಕೆಂಪಿನಲ್ಲಿ 219? ಅಂಗಡಿ ಚೀಟಿಯಲ್ಲಿ ಬರೀ "10" ಅಂತ ಬರೆದಿದ್ದರೆ ಸೇರೋ ಕೆಜಿಯೋ ಹೇಗೆ ಗೊತ್ತಾಗಬೇಕು? ಆ ಅಳತೆಯ ಹೆಸರನ್ನು ಹೇಳುವ ಚಿಕ್ಕ ಚೀಟಿಯೇ ಕಲರ್ ಪ್ರೊಫೈಲ್. ಅದು ಫೋಟೋ ಫೈಲ್ ಒಳಗೇ ಅಂಟಿಕೊಂಡಿರುತ್ತೆ.

ವೆಬ್‌ನ ರೂಢಿಯ ಅಳತೆ ಎಸ್‌ಆರ್‌ಜಿಬಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಆಗಿನ ದಪ್ಪ ಡಬ್ಬದ ಮಾನಿಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು, 1999ರಲ್ಲಿ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಆಯ್ತು. ಚೀಟಿ ಇಲ್ಲದ ಫೋಟೋ ಬಂದರೆ ಬ್ರೌಸರ್ ಅದನ್ನು ಎಸ್‌ಆರ್‌ಜಿಬಿ ಅಂತಲೇ ಲೆಕ್ಕ ಹಿಡಿಯುತ್ತೆ. ಇನ್ನೊಂದು ಅಳತೆ ಅಡೋಬ್ ಆರ್‌ಜಿಬಿ, 1998ರದ್ದು. ಇದರಲ್ಲಿ ಹಸಿರಿನ ಕಡೆ ಜಾಗ ಹೆಚ್ಚು, ಪ್ರಿಂಟ್ ಮಾಡುವವರಿಗೆ ಅನುಕೂಲ. ನಮ್ಮ ಹಾಸನದ ಹುಡುಗನೂ ಆಲ್ಬಂ ಪ್ರಿಂಟ್ ಅಭ್ಯಾಸದಲ್ಲಿ ಎಲ್ಲ ಫೋಟೋಗಳನ್ನೂ ಅಡೋಬ್ ಆರ್‌ಜಿಬಿಯಲ್ಲೇ ಕೊಟ್ಟಿದ್ದ. ಚೀಟಿಯನ್ನೂ ಸರಿಯಾಗಿ ಅಂಟಿಸಿದ್ದ. ಅವನದೇನೂ ತಪ್ಪಿಲ್ಲ.

ತಪ್ಪು ನನ್ನದು. ಊರಲ್ಲಿ ನೆಟ್‌ವರ್ಕ್ ಹೇಗಿರುತ್ತೆ ಅಂತ ಗೊತ್ತಲ್ಲ, ಪೇಜ್ ಬೇಗ ತೆರೆಯಲಿ ಅಂತ ಫೋಟೋಗಳನ್ನು ಚಿಕ್ಕದು ಮಾಡುವ ಸ್ಕ್ರಿಪ್ಟ್ ಬರೆದಿದ್ದೆ. ಅದರಲ್ಲಿ "ಸ್ಟ್ರಿಪ್" ಅನ್ನೋ ಆಯ್ಕೆ ಹಾಕಿದ್ದೆ. ಕ್ಯಾಮೆರಾ ಹೆಸರು, ಲೊಕೇಶನ್, ತಾರೀಖು, ಎಲ್ಲ ಕಿತ್ತು ಬಿಸಾಕಿ ಫೈಲ್ ಹಗುರ ಮಾಡುತ್ತೆ. ಅದರ ಜೊತೆ ಪ್ರೊಫೈಲ್ ಕೂಡ ಹೋಯ್ತು. ಅಡೋಬ್ ಆರ್‌ಜಿಬಿ ಪ್ರೊಫೈಲ್‌ನ ತೂಕ ಎಷ್ಟು ಗೊತ್ತಾ? 560 ಬೈಟ್. ಈ ಪ್ಯಾರಾಕ್ಕಿಂತ ಕಡಿಮೆ.

ಈಗ ಲೆಕ್ಕ ನೋಡಿ. ಎಸ್‌ಆರ್‌ಜಿಬಿಯಲ್ಲಿ ಅತಿ ಗಾಢ ಕೆಂಪು 255, 0, 0. ಅದೇ ಕೆಂಪನ್ನು ಅಡೋಬ್ ಆರ್‌ಜಿಬಿಯಲ್ಲಿ ಬರೆದರೆ 219, 0, 0. ಚೀಟಿ ಇದ್ದರೆ ಎರಡೂ ಒಂದೇ ಬಣ್ಣ. ಚೀಟಿ ಕಿತ್ತರೆ ಬ್ರೌಸರ್ 219ನ್ನು ಎಸ್‌ಆರ್‌ಜಿಬಿಯ 219 ಅಂದುಕೊಳ್ಳುತ್ತೆ, ಕೆಂಪು ಕಪ್ಪಿನ ಕಡೆ ಜಾರುತ್ತೆ. ಹಸಿರಿಗೆ ಉಲ್ಟಾ. 0, 255, 0 ಇದ್ದದ್ದು 144, 255, 60 ಆಗಿರುತ್ತೆ, ಚೀಟಿ ಇಲ್ಲದೆ ಓದಿದರೆ ಬಿಳಿಚಿಕೊಳ್ಳುತ್ತೆ. ಮಾಗಿದ ಹಣ್ಣು ಕಪ್ಪು, ಎಲೆ ಪೇಲವ. ಕಾಫಿ ಗೊತ್ತಿರುವವರು ಅದನ್ನು ನೋಡಿ ಇನ್ನೇನು ಅಂದುಕೊಳ್ಳಬೇಕು?

ಟೆಸ್ಟ್ ಮಾಡಲಿಲ್ವಾ ಅಂತ ನೀವು ಕೇಳಬಹುದು. ನನ್ನ ಟೀಮ್ ಲೀಡ್ ಕೂಡ ಹಾಗೇ ಕೇಳಿದರು, ನಗುತ್ತಾ. ಮಾಡಿದ್ದೆ ಸ್ವಾಮಿ. ಆ ಹುಡುಗ ಕೊಟ್ಟ ಫೋಲ್ಡರ್‌ನಲ್ಲಿ ಮೊದಲ ಫೋಟೋ ಹಳೇಬೀಡಿನದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ "ನಮ್ಮ ಹತ್ತಿರದ ಜಾಗ ಕಣೋ, ಅದನ್ನೂ ಹಾಕು" ಅಂತ ಚಿಕ್ಕಪ್ಪನೇ ಹೇಳಿದ್ದರು. ಹೊಯ್ಸಳೇಶ್ವರ ದೇವಸ್ಥಾನದ ಗೋಡೆ, ಕೆಳಸಾಲಿನ ಆನೆಗಳು. ಒರಿಜಿನಲ್‌ಗೂ ಸೈಟ್‌ಗೂ ಕೂದಲೆಳೆ ವ್ಯತ್ಯಾಸ ಕಾಣಲಿಲ್ಲ. ಸರಿ ಅಂತ ಉಳಿದದ್ದನ್ನೆಲ್ಲ ಹಾಗೇ ಏರಿಸಿದೆ.

ಬಳಪದ ಕಲ್ಲು ಬೂದು ಬಣ್ಣ. ಬೂದಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಹೆಚ್ಚುಕಮ್ಮಿ ಸಮ. ಸಮ ಇದ್ದಾಗ ಈ ಎರಡು ಅಳತೆಗಳಲ್ಲೂ ಸಂಖ್ಯೆ ಹೆಚ್ಚುಕಮ್ಮಿ ಒಂದೇ ಆಗಿರುತ್ತೆ. ಪ್ರೊಫೈಲ್ ಕಳೆದುಹೋದರೂ ಕಲ್ಲು ಕಲ್ಲಿನ ಹಾಗೇ ಕಾಣುತ್ತೆ. ಇಡೀ ತಾಲ್ಲೂಕಿನಲ್ಲಿ ಈ ತಪ್ಪನ್ನು ಮುಚ್ಚಿಡುವ ಒಂದು ಫೋಟೋ ಇದ್ದರೆ ನಾನು ಅದನ್ನೇ ಹುಡುಕಿ ಟೆಸ್ಟ್ ಮಾಡಿದ್ದೆ!

ಚಿಕ್ಕಪ್ಪನ ಫೋನಿನ ಗುಟ್ಟು ಸಂಕ್ರಾಂತಿಗೆ ಊರಿಗೆ ಹೋದಾಗ ಗೊತ್ತಾಯ್ತು. ಡಿಸ್‌ಪ್ಲೇ ಸೆಟಿಂಗ್ "ವಿವಿಡ್" ಅಂತಿತ್ತು. ಇದರಲ್ಲಿ ಎಲ್ಲ ಬಣ್ಣಕ್ಕೂ ಒಂದು ಪದರ ಮೆರುಗು ಹೆಚ್ಚು. ಹಾಗಾಗಿ ಕಪ್ಪಾದ ಹಣ್ಣೂ ಅವರಿಗೆ ಕೆಂಪಗೇ ಕಾಣ್ತಿತ್ತು. "ನ್ಯಾಚುರಲ್"ಗೆ ಬದಲಾಯಿಸಿ ತೋರಿಸಿದೆ. ಒಂದು ನಿಮಿಷ ನೋಡಿ, "ಇದೇನೋ, ಫೋನಿಗೆ ಜ್ವರ ಬಂದ ಹಾಗಿದೆ" ಅಂತ ವಾಪಸ್ ವಿವಿಡ್ ಮಾಡಿಕೊಂಡರು. ನಿಮ್ಮ ಫೋನಲ್ಲೂ ಒಮ್ಮೆ ನೋಡಿಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದ ಸೀರೆ ಬಣ್ಣ ಬೇರೆ ಅಂತ ಜಗಳಕ್ಕೆ ಹೋಗುವ ಮೊದಲು ಅದನ್ನು ನೋಡುವುದು ಒಳ್ಳೆಯದು.

ಸರಿ ಮಾಡಿದ್ದು ಹೇಗೆ ಅಂತ ಹೇಳ್ತೀನಿ, ಯಾಕಂದರೆ ಇಲ್ಲೂ ನಾನು ಒಂದು ಸಲ ಜಾರಿದೆ. ಫೋಟೋ ಸಾಫ್ಟ್‌ವೇರ್‌ನಲ್ಲಿ ಎರಡು ಆಯ್ಕೆ ಅಕ್ಕಪಕ್ಕ ಇರುತ್ತವೆ, ಅಸೈನ್ ಪ್ರೊಫೈಲ್ ಮತ್ತು ಕನ್ವರ್ಟ್ ಟು ಪ್ರೊಫೈಲ್. ಆತುರದಲ್ಲಿ ಅಸೈನ್ ಒತ್ತಿ ಎಸ್‌ಆರ್‌ಜಿಬಿ ಕೊಟ್ಟೆ. ಹಣ್ಣು ಮತ್ತೆ ಕಪ್ಪು! ಅಸೈನ್ ಅಂದರೆ ಚೀಟಿಯಲ್ಲಿ "ಸೇರು" ಹೊಡೆದು "ಕೆಜಿ" ಅಂತ ಬರೆದ ಹಾಗೆ, ಸಂಖ್ಯೆ ಬದಲಾಗೋದಿಲ್ಲ. ಕನ್ವರ್ಟ್ ಅಂದರೆ ತಕ್ಕಡಿಗೆ ಹಾಕಿ ಹೊಸದಾಗಿ ತೂಗಿ ಬರೆದ ಹಾಗೆ. ನಮಗೆ ಬೇಕಾದ್ದು ಕನ್ವರ್ಟ್. ಗಿಂಪ್‌ನಲ್ಲಿ ಇಮೇಜ್ ಮೆನುವಿನ ಕಲರ್ ಮ್ಯಾನೇಜ್‌ಮೆಂಟ್ ಒಳಗಿದೆ. ಫೋಟೋಶಾಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ "ಕನ್ವರ್ಟ್ ಟು ಎಸ್‌ಆರ್‌ಜಿಬಿ" ಮತ್ತು "ಎಂಬೆಡ್ ಕಲರ್ ಪ್ರೊಫೈಲ್" ಎರಡಕ್ಕೂ ಟಿಕ್ ಹಾಕಿ. ಎಡಿಟ್ ಎಲ್ಲ ಮುಗಿದ ಮೇಲೆ ಕೊನೆಗೆ, ಅದೂ ಕಾಪಿಯ ಮೇಲೆ ಮಾಡಿ. ಒರಿಜಿನಲ್ ಮುಟ್ಟಬೇಡಿ.

ಐಫೋನ್ ಇರುವವರು ನಮಗಿದೆಲ್ಲ ಇಲ್ಲ ಅಂದುಕೊಳ್ಳಬೇಡಿ. 2016ರ ಐಫೋನ್ 7ರಿಂದ ಅದು ಡಿಸ್‌ಪ್ಲೇ ಪಿ3 ಅನ್ನೋ ಅಗಲದ ಅಳತೆಯಲ್ಲಿ ಫೋಟೋ ತೆಗೆಯುತ್ತೆ. ಚೀಟಿ ಕಿತ್ತುಹೋದರೆ ಅಲ್ಲೂ ಬಣ್ಣ ಮಂಕಾಗುತ್ತೆ. ಇನ್ನು ಕ್ಯಾಮೆರಾದಿಂದ ಬಂದ ಫೈಲ್ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗಿದ್ದರೆ ಸಾಮಾನ್ಯವಾಗಿ ಕ್ಯಾಮೆರಾ ಅಡೋಬ್ ಆರ್‌ಜಿಬಿಗೆ ಸೆಟ್ ಆಗಿದೆ ಅಂತ ಅರ್ಥ. ಆ ಹುಡುಗನ ಎಲ್ಲ ಫೈಲ್‌ಗೂ ಅಂಡರ್‌ಸ್ಕೋರ್ ಇತ್ತು. ನನಗೆ ಕಂಡಿತ್ತು ಕೂಡ, ಹೆಸರಿಡುವ ಸ್ಟೈಲ್ ಅಂದುಕೊಂಡಿದ್ದೆ.

ಬೆಂಗಳೂರಿನವರಿಗೆ ನಾನೇ ಫೋನ್ ಮಾಡಿ ತಪ್ಪೊಪ್ಪಿಕೊಂಡು, ಸರಿಯಾದ ಫೋಟೋ ಕಳಿಸಿದೆ. ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡರು. ಆದರೆ ಆ ಹೊತ್ತಿಗೆ ಈ ವರ್ಷದ ಲಾಟ್ ಬೇರೆ ಕಡೆ ಗೊತ್ತು ಮಾಡಿ ಆಗಿತ್ತಂತೆ. ಮುಂದಿನ ಕುಯ್ಲಿಗೆ ಮೊದಲು ಸ್ಯಾಂಪಲ್ ಕಳಿಸಿ ಅಂದರು. ಆರಿಸಿ ಕಿತ್ತ ಅಷ್ಟೂ ಹಣ್ಣು ಕೊನೆಗೆ ಊರಿನ ವ್ಯಾಪಾರಿಗೇ, ಎಲ್ಲ ಕಾಫಿಯ ರೇಟಿಗೇ ಹೋಯ್ತು. ಚಿಕ್ಕಪ್ಪ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಸಂಕ್ರಾಂತಿ ಮಾರನೇ ದಿನ ಕಣದ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆವು. ಚಿಕ್ಕಪ್ಪ ಕೊನೆ ಸುತ್ತಿನ ಹಣ್ಣು ಒಂದು ಹಿಡಿ ತಂದು ಸ್ಕ್ರೀನ್ ಪಕ್ಕ ಹಿಡಿದರು. ಅಂಗೈಯನ್ನೂ ಸ್ಕ್ರೀನನ್ನೂ ನೋಡಿದರು. ಹಣ್ಣಿಗೆ ತಲೆ ಆಡಿಸಿದರು. ಆಮೇಲೆ ಎಲೆ ಕಡೆ ಬೆರಳು ತೋರಿಸಿ, "ಇದು ಮಾತ್ರ ಇನ್ನೂ ಸರಿ ಹೋಗಿಲ್ಲ ನೋಡು, ಬೆಳ್ಳಗಿದೆ" ಅಂದರು.

"ಅದು ಪ್ರೊಫೈಲ್ ಅಲ್ಲ ಚಿಕ್ಕಪ್ಪ. ರೋಡ್ ಪಕ್ಕದ ಗಿಡ, ಧೂಳು ಅದು."