ಇಳಿಬಿದ್ದ ಕೊರಳು ಮತ್ತು ಶಸ್ತ್ರವೈದ್ಯ

ಹೋರಿಯ ಕೊರಳಿನ ಕೆಳಗೆ ತೂಗುವ ಗಂಗೆದೊಗಲು ಅದರ ಮೈಕಟ್ಟಿಗೆ ಕಳೆ ತರುತ್ತದೆ. ಅಂಥದೇ ತೊಗಲು ಮನುಷ್ಯರ ಗದ್ದದ ಕೆಳಗೆ ಇಳಿದರೆ ಮಾತ್ರ ಯಾರಿಗೂ ಸೈರಣೆಯಿಲ್ಲ. ಮಗಳ ಮದುವೆಯ ಚಿತ್ರಗಳನ್ನು ನೋಡುತ್ತ, ಐವತ್ತು ದಾಟಿದ ತಾಯಿ ತನ್ನ ಕೊರಳನ್ನೇ ಕಂಡು ಮುಖ ಬಾಡಿಸಿಕೊಳ್ಳುವುದುಂಟು. ಕೊರಳನ್ನು ಬಿಗಿಗೊಳಿಸುವ ಶಸ್ತ್ರಚಿಕಿತ್ಸೆಯ ಜಾಹೀರಾತುಗಳು ಇಂದು ಫೋನಿನ ಮೂಲಕ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟದ ಮನೆಗಳಿಗೂ ಬಂದು ಮುಟ್ಟಿವೆ. ಕೇಳಬೇಕೆಂದರೂ ಸಂಕೋಚದಿಂದ ಕೇಳದೆ ಉಳಿಯುವ ಸೋದರಿಯರಿಗಾಗಿ, ಹಾಗೆಯೇ ಸೋದರರಿಗಾಗಿ, ಈ ಸಂಚಿಕೆಯ ಅಂಕಣವನ್ನು ಈ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಎದೆಯ ಮೇಲ್ಭಾಗದಿಂದ ದವಡೆಯ ಅಂಚಿನವರೆಗೆ, ಚರ್ಮದ ಅಡಿಯಲ್ಲಿ, ಹಾಳೆಯಂತೆ ತೆಳುವಾದ ಸ್ನಾಯುವೊಂದು ಹಬ್ಬಿದೆ. ವೈದ್ಯರು ಅದನ್ನು ಪ್ಲಟಿಸ್ಮಾ ಎನ್ನುತ್ತಾರೆ. ವಯಸ್ಸಾದಂತೆ ಎಡಬಲದ ಈ ಹಾಳೆಗಳು ಗದ್ದದ ಕೆಳಗೆ ಒಂದನ್ನೊಂದು ಅಗಲುತ್ತವೆ. ಕೊರಳ ಮೇಲೆ ಹುರಿ ಎಳೆದಂತೆ ಕಾಣುವ ಗೆರೆಗಳು ಅವುಗಳ ಅಂಚುಗಳೇ. ಚರ್ಮದ ಬಿಗಿಯೂ ಸಡಿಲವಾಗುತ್ತದೆ, ಕೆಲವರಲ್ಲಿ ಕೊಬ್ಬು ಕೂಡುತ್ತದೆ. ಮೈತೂಕವನ್ನು ಬೇಗನೆ ಇಳಿಸಿಕೊಂಡವರಲ್ಲಿ ಬರಿಯ ಚರ್ಮವೇ ಜೋಲುತ್ತದೆ. ಇನ್ನು ಹುಟ್ಟಿನಿಂದಲೇ ಗದ್ದ ಚಿಕ್ಕದಾಗಿರುವವರಿಗೆ ಇಪ್ಪತ್ತರ ಹರೆಯದಲ್ಲೇ ಕೊರಳು ಗಿಡ್ಡವೆಂಬಂತೆ ತೋರುತ್ತದೆ. ಆದುದರಿಂದ ನೆರೆಮನೆಯವರಿಗೆ ಒಪ್ಪಿದ ಚಿಕಿತ್ಸೆ ತಮಗೂ ಒಪ್ಪೀತೆಂದು ಬಗೆಯಲಾಗದು.

ಆದರೆ ಮಲೆನಾಡಿನಲ್ಲಿ ಕೊರಳು ತುಂಬಿಕೊಂಡಿತೆಂದರೆ ಮೊದಲು ನೆನಪಾಗಬೇಕಾದುದು ವಯಸ್ಸಲ್ಲ, ಗಳಗಂಡ. ತಿಂಗಳುಗಟ್ಟಲೆ ಸುರಿಯುವ ಮಳೆ ಮಣ್ಣಿನ ಅಯೋಡಿನ್ ಅಂಶವನ್ನು ತೊಳೆದೊಯ್ಯುತ್ತದೆ; ಆ ಮಣ್ಣಿನಲ್ಲಿ ಬೆಳೆದುದನ್ನೇ ಉಂಡವರ ಥೈರಾಯ್ಡ್ ಗ್ರಂಥಿ ಊದಿಕೊಳ್ಳುತ್ತದೆ. ಚಿಕ್ಕಮಗಳೂರು ಜಿಲ್ಲೆ ರಾಜ್ಯದ ಗಳಗಂಡ ಪೀಡಿತ ಪ್ರದೇಶಗಳಲ್ಲಿ ಒಂದೆಂದು ಬಹುಕಾಲದಿಂದ ಗುರುತಿಸಲ್ಪಟ್ಟಿತ್ತು. ಕೇಂದ್ರ ಸರ್ಕಾರ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. 2006ರಿಂದ ಅಯೋಡಿನ್ ಬೆರೆಸದ ಉಪ್ಪನ್ನು ಊಟದ ಬಳಕೆಗೆ ಮಾರುವುದು ದೇಶದಾದ್ಯಂತ ನಿಷಿದ್ಧವಾಗಿದೆ. ಆದರೂ ಅಪ್ಪೆಮಿಡಿಗೆ ಕಲ್ಲುಪ್ಪೇ ಆಗಬೇಕೆಂಬ ಹಟ ನಮ್ಮ ಅಡುಗೆಮನೆಗಳಿಂದ ಹೋಗಿಲ್ಲ! ಉಪ್ಪಿನಕಾಯಿಗೆ ಅದು ಇರಲಿ. ದಿನದ ಸಾರಿಗೆ ಬೇಡ.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಪರೀಕ್ಷೆಯಿದೆ. ಕನ್ನಡಿಯ ಮುಂದೆ ಗದ್ದವನ್ನು ಕೊಂಚ ಮೇಲೆತ್ತಿ ಒಂದು ಗುಟುಕು ನೀರು ನುಂಗಬೇಕು. ಉಬ್ಬು ನುಂಗುವಾಗ ಮೇಲೇರಿ ಕೆಳಗಿಳಿದರೆ ಅದು ಥೈರಾಯ್ಡಿನದಾಗಿರುವ ಸಂಭವ ಹೆಚ್ಚು. ಬರಿಯ ಕೊಬ್ಬು ಅಥವಾ ಜೋಲುಚರ್ಮ ಹಾಗೆ ಚಲಿಸುವುದಿಲ್ಲ. ಕೊರಳ ಪಕ್ಕದಲ್ಲಿ ಮಣಿಮಣಿಯಾಗಿ ಗಂಟುಗಳು ಕಂಡರೆ, ಹಿರಿಯರು ಗಂಡಮಾಲೆಯೆಂದು ಕರೆಯುತ್ತಿದ್ದ ಕ್ಷಯದ ಗಂಟುಗಳೂ ಇರಬಹುದು, ಅದಕ್ಕಿಂತ ಕೇಡಿನವೂ ಇರಬಹುದು. ನುಂಗುವಾಗ ಏನೂ ಕಾಣಲಿಲ್ಲವೆಂದು ನಿಶ್ಚಿಂತರಾಗುವುದೂ ಸಲ್ಲದು. ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ, ರೋಗವೇನೂ ಇಲ್ಲವೆಂದು ವೈದ್ಯರು ಹೇಳಿದ ಮೇಲೆಯೇ ಅಂದದ ಮಾತು.

ಇನ್ನು ಶಸ್ತ್ರಚಿಕಿತ್ಸೆಗೆ ಬರೋಣ. ಗದ್ದದ ಕೆಳಗೆ ಒಂದು ಚಿಕ್ಕ ಗೀರು, ಎರಡೂ ಕಿವಿಗಳ ಹಿಂದೆ ಕೂದಲಿನವರೆಗೆ ಇನ್ನೆರಡು ಗೀರುಗಳು. ಅವುಗಳ ಮೂಲಕ ಚರ್ಮವನ್ನು ಬಿಡಿಸಿ, ಹೆಚ್ಚಿನ ಕೊಬ್ಬನ್ನು ತೆಗೆದು, ಅಗಲಿದ ಸ್ನಾಯುವಿನ ಅಂಚುಗಳನ್ನು ನಡುವೆ ಕೂಡಿಸಿ ಹೊಲಿದು, ಉಳಿದ ಚರ್ಮವನ್ನು ಹಿಂದಕ್ಕೆ ಸರಿಸಿ ಕತ್ತರಿಸುತ್ತಾರೆ. ರವಿಕೆಯ ಎರಡು ಮಗ್ಗುಲನ್ನು ಕೂಡಿಸಿ ಹೊಲಿದಂತೆಯೇ ಸರಿ. ಈ ಬಗೆಯ ಹೊಲಿಗೆಯನ್ನು ಅಮೆರಿಕದ ಶಸ್ತ್ರವೈದ್ಯ ಫೆಲ್ಡ್‌ಮನ್ 1990ರಲ್ಲಿ ವಿವರಿಸಿದರು. ಕೆಲಸ ಎರಡು ಮೂರು ಗಂಟೆ ಹಿಡಿಯುತ್ತದೆ. ಊತ, ಕಂದು ಕಲೆಗಳು ಇಳಿಯಲು ಎರಡು ವಾರ, ಗಾಯದ ಗೆರೆ ಮಾಸಲು ಒಂದು ವರ್ಷವೂ ಬೇಕಾದೀತು. ನಮ್ಮ ಮೈಬಣ್ಣದವರಲ್ಲಿ ಕೆಲವರಿಗೆ ಗಾಯದ ಗೆರೆ ಉಬ್ಬಿ ಗಡುಸಾಗುವ ಗುಣವಿದೆ. ಹಿಂದೆ ಕಿವಿ ಚುಚ್ಚಿಸಿದ ಕಡೆ ಹಾಗೆ ಆಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಕೊರಳು ಕೆಲವು ವರ್ಷ ನೇರವಾಗಿ ತೋರುವುದು ನಿಜ, ಆದರೆ ವಯಸ್ಸು ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ.

ಅಪಾಯಗಳನ್ನು ಜಾಹೀರಾತು ಹೇಳುವುದಿಲ್ಲ, ಆದುದರಿಂದ ನಾವು ಹೇಳುತ್ತೇವೆ. ಕಿವಿಯ ಹಾಲೆ ಜೋಮು ಹಿಡಿಯುವುದುಂಟು. ಕೆಳತುಟಿಯನ್ನು ಆಡಿಸುವ ನರಕ್ಕೆ ಪೆಟ್ಟಾದರೆ ನಗುವಾಗ ತುಟಿ ಓರೆಯಾಗುತ್ತದೆ. ಬಹುಮಟ್ಟಿಗೆ ಅದು ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಎಲ್ಲಕ್ಕಿಂತ ಎಚ್ಚರ ವಹಿಸಬೇಕಾದುದು ಚರ್ಮದ ಅಡಿಯಲ್ಲಿ ರಕ್ತ ತುಂಬಿಕೊಳ್ಳುವುದು. ಅದು ಹೆಚ್ಚಾಗಿ ಮೊದಲ 24 ಗಂಟೆಗಳಲ್ಲೇ ಆಗುತ್ತದೆ. ಗಂಡಸರಲ್ಲಿ ಮತ್ತು ರಕ್ತದೊತ್ತಡವುಳ್ಳವರಲ್ಲಿ ಅಧಿಕ. ಕೊರಳು ಒಮ್ಮೆಗೇ ಬಿಗಿದು, ಒಂದು ಪಕ್ಕ ಊದಿ, ನೋವು ಏರಿದರೆ ಗಳಿಗೆ ತಡಮಾಡದೆ ಹೊಲಿಗೆ ಬಿಚ್ಚಿ ರಕ್ತ ತೆಗೆಯಬೇಕು. ಬಿಟ್ಟರೆ ಮೇಲಿನ ಚರ್ಮ ಸಾಯುತ್ತದೆ, ಉಸಿರಿಗೂ ಅಡ್ಡಿಯಾದೀತು.

ನಮ್ಮ ಮಲೆನಾಡಿನ ಓದುಗರು ಇಲ್ಲಿ ತಮ್ಮ ಊರಿನ ದಾರಿಯನ್ನು ನೆನೆಯಬೇಕು. ಶೃಂಗೇರಿಯಿಂದ ಬೆಂಗಳೂರು 300 ಕಿಲೋಮೀಟರಿಗೂ ಮಿಗಿಲು. ಮಣಿಪಾಲ ಹತ್ತಿರವೆನಿಸಿದರೂ ನಡುವೆ ಆಗುಂಬೆ ಘಾಟಿಯ 14 ತಿರುವುಗಳಿವೆ. ಆಷಾಢದ ಮಳೆಯಲ್ಲಿ ಮಣ್ಣು ಕುಸಿದರೆ ಅಲ್ಲಿಗೇ ನಿಂತೆವು. ನರಸಿಂಹರಾಜಪುರದವರಿಗೆ ಶಿವಮೊಗ್ಗ ಒಂದಿಷ್ಟು ಸಮೀಪ, ಕೊಪ್ಪದವರಿಗೆ ಅದೂ ದೂರವೇ. ಬೆಳಿಗ್ಗೆ ಶಸ್ತ್ರಚಿಕಿತ್ಸೆ ಮಾಡಿಸಿ ಸಂಜೆಯ ಹೊತ್ತಿಗೆ ಮನೆಗೆ ಮರಳಬಹುದೆಂಬ ಆಶ್ವಾಸನೆ ನಗರವಾಸಿಗಳಿಗೆ ಕೊಟ್ಟದ್ದು. ರಾತ್ರಿ ಹನ್ನೊಂದಕ್ಕೆ ಕೊರಳು ಊದಿಕೊಂಡರೆ ತೋಟದ ನಡುವಿನ ಒಂಟಿಮನೆಯಿಂದ ಹೊರಡುವವರಿಗೆ ಅದು ಅನ್ವಯಿಸುವುದಿಲ್ಲ.

2022ರ ಮೇ ತಿಂಗಳಲ್ಲಿ, ಕೊಬ್ಬು ತೆಗೆಸುವ ಚಿಕಿತ್ಸೆಗೆಂದು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದ್ದ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ಹೆತ್ತವರಿಗೆ ತಿಳಿಸದೆ ಆಕೆ ಆಸ್ಪತ್ರೆಗೆ ಹೋಗಿದ್ದಳೆಂದು ಆಗ ಪತ್ರಿಕೆಗಳು ಬರೆದವು. ಕೊರಳಿನದಲ್ಲ ಆ ಚಿಕಿತ್ಸೆ. ಆದರೂ ಆ ಮಗು ಮನೆಯವರಿಗೆ ಹೇಳಲು ಹಿಂಜರಿದುದೇಕೆಂಬ ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ. ಹೆಣ್ಣು ನೋಡಲು ಬಂದವರು 'ಕೊರಳು ಗಿಡ್ಡ' ಎಂದು ಆಡಿಹೋಗುವ, ನೆಂಟರಿಷ್ಟರು ಊಟದ ಪಂಕ್ತಿಯಲ್ಲೇ 'ಎಷ್ಟು ದಪ್ಪಗಾದೆಯಲ್ಲೇ' ಎನ್ನುವ ರೂಢಿಯುಳ್ಳ ನಾವು, ಮಕ್ಕಳು ಗುಟ್ಟಾಗಿ ಆಸ್ಪತ್ರೆಗೆ ಹೋದರೆಂದು ಅವರನ್ನಷ್ಟೇ ದೂರುವುದು ನ್ಯಾಯವಲ್ಲ. ಅಂದ ಬಯಸುವುದು ಪಾಪವೇನಲ್ಲ. ಮನೆಯಲ್ಲಿ ಯಾರೂ ನಗದೆ ಕೇಳಿಸಿಕೊಂಡರೆ, ಜತೆಗೆ ಆಸ್ಪತ್ರೆಗೆ ನಡೆಯಲು ಒಬ್ಬರಾದರೂ ಸಿಗುತ್ತಾರೆ.

ವೈದ್ಯರನ್ನು ಆರಿಸುವಾಗ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯೇ, ಅರಿವಳಿಕೆ ತಜ್ಞರು ಇರುವರೇ, ರಾತ್ರಿ ಉಳಿಸಿಕೊಳ್ಳುವ ವ್ಯವಸ್ಥೆಯುಂಟೇ ಎಂದು ಕೇಳಲು ನಾಚಬಾರದು. ಸೌಂದರ್ಯಕ್ಕಾಗಿ ಮಾಡಿಸುವ ಚಿಕಿತ್ಸೆಯ ಖರ್ಚನ್ನು ಆರೋಗ್ಯ ವಿಮೆ ಕೊಡುವುದಿಲ್ಲವೆಂಬುದೂ ತಿಳಿದಿರಲಿ. ಆದರೆ ಬೆಂಕಿ ತಗುಲಿ ಗದ್ದ ಎದೆಗೆ ಅಂಟಿಕೊಂಡಂತಾದ ಕೊರಳನ್ನು ಬಿಡಿಸುವುದು ಅಲಂಕಾರದ ಲೆಕ್ಕಕ್ಕೆ ಬರುವುದಿಲ್ಲ. ಸೀರೆಗೆ ಒಲೆಯ ಕಿಡಿ ತಾಗಿ ಹಾಗಾದವರು ನಾಚಿ ಒಳಗೇ ಕುಳಿತಿದ್ದರೆ, ಅವರನ್ನು ಪ್ಲಾಸ್ಟಿಕ್ ಸರ್ಜನ್‌ರ ಬಳಿಗೆ ಕರೆದೊಯ್ಯುವುದು ಬಂಧುಗಳ ಹೊಣೆ. ಈ ವಿದ್ಯೆ ನಮಗೆ ಹೊಸದೂ ಅಲ್ಲ. ಟಿಪ್ಪುವಿನೊಡನೆ ನಡೆದ ಯುದ್ಧದಲ್ಲಿ ಸೆರೆಸಿಕ್ಕಿ ಮೂಗು ಕಳೆದುಕೊಂಡ ಎತ್ತಿನ ಗಾಡಿಯವನೊಬ್ಬನಿಗೆ ಪುಣೆಯ ಬಳಿಯ ನಾಟಿವೈದ್ಯನೊಬ್ಬ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ ವೃತ್ತಾಂತ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ ಯುರೋಪಿನ ವೈದ್ಯರನ್ನು ಬೆರಗುಗೊಳಿಸಿತ್ತು.

ಅಡಿಕೆ ಬೆಳೆದು ಬದುಕುವ ನಾಡಿಗೆ ಹಿತವಲ್ಲದ ಮಾತೊಂದಿದೆ. ಬೀಡಿ ಸಿಗರೇಟಿನಂತೆಯೇ ಎಲೆಅಡಿಕೆಯ ಜತೆ ಮೆಲ್ಲುವ ಹೊಗೆಸೊಪ್ಪೂ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯುವುದನ್ನು ಕೆಡಿಸುತ್ತದೆ. ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ವರ್ಷಗಟ್ಟಲೆ ಅಡಿಕೆ ಜಗಿದು ಬಾಯಿ ಪೂರ್ತಿ ತೆರೆಯಲಾಗದವರಿಗೆ ಅರಿವಳಿಕೆಯ ಕೊಳವೆ ಹಾಕುವುದೇ ಕಷ್ಟ, ಅದನ್ನು ಮುಚ್ಚಿಡಬಾರದು. ಆಸ್ಪಿರಿನ್ ಮಾತ್ರೆಯಂತೆ ಕಷಾಯ, ಲೇಹ್ಯಗಳ ಸೇವನೆಯನ್ನೂ ಹೇಳಬೇಕು, ಕೆಲವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು.

ಇಷ್ಟಲಿಂಗದ ವಿಚಾರವನ್ನೂ ಪ್ರಸ್ತಾಪಿಸಬೇಕು. ಶಿವದಾರ ಹಾಯುವುದು ಶಸ್ತ್ರವೈದ್ಯರು ಕೈಯಾಡಿಸುವ ಎಡೆಯಲ್ಲೇ. ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವುದರಿಂದ ಬೆಳ್ಳಿಯ ಕರಡಿಗೆಯನ್ನೂ ಮಾಂಗಲ್ಯವನ್ನೂ ತೆಗೆಯುವಂತೆ ಕೇಳುತ್ತಾರೆ. ಶಸ್ತ್ರಕೊಠಡಿಯ ಬಾಗಿಲಲ್ಲಿ ದಾದಿ ಕೈಚಾಚಿದಾಗ ಅಜ್ಜಿಯೊಬ್ಬರು ಬೆದರುವುದಕ್ಕಿಂತ, ಮುನ್ನಾದಿನವೇ ವೈದ್ಯರೊಡನೆ ಮಾತಾಡಿ, ಅದನ್ನು ಯಾರ ಕೈಯಲ್ಲಿ ಇರಿಸುವುದೆಂದು ನಿಶ್ಚಯಿಸಿಕೊಳ್ಳುವುದು ಲೇಸು. ಗಳಗಂಡದ ಶಸ್ತ್ರಚಿಕಿತ್ಸೆಗೂ ಇದೇ ಮಾತು. ಗಾಯ ಮಾಯುವವರೆಗೆ ದಾರ ಕೊರಳಿಗೆ ಉಜ್ಜದಂತೆ ಧರಿಸುವ ಬಗೆಯನ್ನು ಅವರನ್ನೇ ಕೇಳಬಹುದು.

ಇಷ್ಟನ್ನೂ ತೂಗಿ ನೋಡಿ ಮಾಡಿಸಿಯೇ ತೀರುವೆವೆಂಬವರು ಮಳೆಗಾಲ ಕಳೆಯಲಿ, ಅಡಿಕೆ ಕೊಯ್ಲಿನ ಗಡಿಬಿಡಿಯೂ ಮುಗಿಯಲಿ. ಆಸ್ಪತ್ರೆಯಿರುವ ಊರಿನಲ್ಲೇ ನೆಂಟರ ಮನೆಯನ್ನೋ ಬಾಡಿಗೆಯ ಕೋಣೆಯನ್ನೋ ಹತ್ತು ದಿನಕ್ಕೆ ಗೊತ್ತುಮಾಡಿಕೊಂಡು, ಮೊದಲ ರಾತ್ರಿ ಆಸ್ಪತ್ರೆಯಲ್ಲೇ ಮಲಗಿ, ಹೊಲಿಗೆ ಬಿಚ್ಚಿಸಿಕೊಂಡ ಮೇಲೆ ಊರಿನ ಬಸ್ಸು ಹತ್ತಬೇಕು.