ಬೆಳೆ ಕಾಯುವ ಕೋವಿಗೆ ಎಷ್ಟು ತೂಕದ ಗುಂಡು?



ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ, ಹುಣಸೂರು ತಾಲ್ಲೂಕುಗಳ ಕಾಡಂಚಿನಲ್ಲಿ ರಾಗಿ, ಮುಸುಕಿನ ಜೋಳ ತೆನೆಗಟ್ಟಿತೆಂದರೆ ಕಾಡುಹಂದಿಯ ಕಾಟ ತಪ್ಪಿದ್ದಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೇಪಿನ ಕೋವಿಗೆ ದಪ್ಪ ಗುಂಡು ಬೇಡ, ಸಣ್ಣ ಚರೆ ಸಾಕು ಎನ್ನುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಎರಡೂ ಬೇಡ.

ಹಗುರ ಚರೆ ಬಹುಬೇಗ ವೇಗ ಕಳೆದುಕೊಳ್ಳುತ್ತದೆ. ಹಂದಿಯ ದಪ್ಪ ಚರ್ಮದಲ್ಲಿ ಆಳಕ್ಕಿಳಿಯದೆ ಗಾಯ ಮಾತ್ರ ಮಾಡುತ್ತದೆ. ಗಾಯಗೊಂಡ ಹಂದಿ ಮನುಷ್ಯನ ಮೇಲೇ ತಿರುಗಿ ಬೀಳಬಹುದು. ದಪ್ಪ ಗುಂಡು ಕತ್ತಲಲ್ಲಿ ಗುರಿ ತಪ್ಪಿದರೆ ಪಕ್ಕದ ಹೊಲ ಕಾಯುವವನಿಗೇ ತಗಲೀತು. ಮೇಲಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಹಂದಿಯನ್ನು ಕೊಲ್ಲುವುದು ಅಪರಾಧ. ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ.

ಹೊಲದಲ್ಲಿ ಕೋವಿಯ ಕೆಲಸ ಸದ್ದು ಮಾಡಿ ಬೆದರಿಸುವುದು. ಅದಕ್ಕೆ ಗುಂಡಿಲ್ಲದ ಮದ್ದಿನ ಈಡೇ ಸಾಕು. ಮೂತಿ ಆಕಾಶದತ್ತ ಇರಲಿ. ಒಂದೇ ಕಡೆ, ಒಂದೇ ಹೊತ್ತಿಗೆ ಹಾರಿಸಿದರೆ ಹಂದಿಗಳಿಗೆ ಅದು ಬೇಗ ರೂಢಿಯಾಗುತ್ತದೆ. ಆದ್ದರಿಂದ ಸ್ಥಳ, ಸಮಯ ಬದಲಿಸಿ. ನೆರೆಹೊರೆಯವರು ಕೂಡಿ ಸರದಿಯಂತೆ ಕಾವಲಿರಿ. ಬೇಲಿಗೆ ನೇರವಾಗಿ ವಿದ್ಯುತ್ ಹರಿಸಲೇಬೇಡಿ. ಹಾನಿಯಾದಲ್ಲಿ ಕೂಡಲೇ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಹೋದ ರಾಗಿಯನ್ನು ಮುಂದಿನ ವರ್ಷ ಬೆಳೆಯಬಹುದು; ಹೋದ ಜೀವ ಬಾರದು.